ಮುಳಬಾಗಿಲಿಗೆ ಹೋದ ಕೆಂಪು ಕವರು

ಕರೆಂಟು ಹೋದರೆ ಎಲ್ಲಾ ಮೊದಲಿಂದ. ಆ ಕೆಲಸದಲ್ಲಿ ನಾನು ಮೊದಲು ಕಲಿತದ್ದು ಇದನ್ನೇ. ಬೆಳಗ್ಗೆ ಶುರು ಮಾಡಿದ ಕಂಪ್ಯೂಟರು ಸಂಜೆವರೆಗೂ ತನ್ನ ಪಾಡಿಗೆ ತಾನು ಲೆಕ್ಕ ಹಾಕಿಕೊಂಡಿರಬೇಕು. ನಡುವೆ ಬಲ್ಬು ಮಿಣುಕಿ ಆರಿತೋ, ಅಷ್ಟೂ ದಂಡ. ಪಕ್ಕದಲ್ಲಿ ಬ್ಯಾಟರಿ ಪೆಟ್ಟಿಗೆ ಇತ್ತು. ಅದು ಕುಂಯ್ ಕುಂಯ್ ಅಂತ ಸ್ವಲ್ಪ ಹೊತ್ತು ಕೂಗಿ ಅದೂ ಸಾಯುತ್ತಿತ್ತು. ಆ ಬೇಸಿಗೆ ಪೂರ್ತಿ ನಾನು ಬಲ್ಬಿನ ಮುಖ ನೋಡಿಕೊಂಡೇ ಕೂತೆ. ನನ್ನ ಗಂಡನ ಮುಖವನ್ನೂ ಅಷ್ಟು ನೋಡಿರಲಿಲ್ಲ.

ಎರಡು ಸಾವಿರ ಇಸವಿ ದಾಟಿ ಎರಡು ಮೂರು ವರ್ಷ ಆಗಿದ್ದ ಕಾಲ. ಕೋಲಾರದಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಮಹಡಿ ಮೇಲೆ ಎರಡು ಕೋಣೆ. ಕಾಲೇಜುಗಳ ಕಂಪ್ಯೂಟರಿಗೆ ಹಾಕೋ ಸೀಡಿ ಅಲ್ಲಿ ತಯಾರಾಗುತ್ತಿತ್ತು. ಕಂಪ್ಯೂಟರು ಎದ್ದು ಕೂರೋದಕ್ಕೆ ಬೇಕಾದ್ದು, ಬರೆಯೋದಕ್ಕೆ ಬೇಕಾದ್ದು, ಲೆಕ್ಕಕ್ಕೆ ಬೇಕಾದ್ದು, ಎಲ್ಲಾ ಒಂದೇ ತಟ್ಟೆಯಲ್ಲಿ. ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು, ಕಳ್ಳತನ ಅಲ್ಲ. ಅದನ್ನು ನಡೆಸುತ್ತಿದ್ದವರು ರಿಟೈರಾದ ಮೇಷ್ಟ್ರು, ನಾವೆಲ್ಲ ಸಾರ್ ಅನ್ನುತ್ತಿದ್ದೆವು. ಸೀಡಿಯೊಳಗಿನ ಕೆಲಸವೆಲ್ಲ ಮುಳಬಾಗಿಲಿನ ಶಾನುಭೋಗರ ಮನೆತನದ ಇಂಜಿನಿಯರ್ ಹುಡುಗಿಯದು. ಸೀಡಿಯನ್ನು ಕವರಿಗೆ ಹಾಕಿ, ಅಂಟಿಸಿ, ಕಟ್ಟಿ ಕಳಿಸೋದು ನಾವಿಬ್ಬರು ಹೆಂಗಸರು, ನಾನು ಮತ್ತು ಶ್ರೀನಿವಾಸಪುರದವಳು.

ನನ್ನನ್ನು ಇಟ್ಟುಕೊಂಡಿದ್ದು ಓದ್ತೀನಿ ಅಂತ. ಓದೋದು ಅಂದರೆ ಪುಸ್ತಕ ಅಲ್ಲ. ಐವತ್ತು ದಾಟಿದ ಮೇಲೆ ನಮ್ಮ ಸುಗಟೂರಿನಲ್ಲಿ ಹೆಂಗಸರಿಗೆ ಸಂಜೆ ಪಾಠ ನಡೆಸಿದರು, ಅಲ್ಲಿ ಅಕ್ಷರ ಕೂಡಿಸೋದು ಕಲಿತೆ. ಊರ ಹೆಸರು ಓದ್ತೀನಿ, ಬಸ್ಸಿನ ಬೋರ್ಡು ಓದ್ತೀನಿ, ಒತ್ತಕ್ಷರ ಬಂದರೆ ನಿಂತು ಓದ್ತೀನಿ. ಅದಕ್ಕೂ ಮುಂಚೆ ಹಿಪ್ಪುನೇರಳೆ ಸೊಪ್ಪು ಹೊತ್ತು ಹೊತ್ತು ಮೊಣಕಾಲು ಕೆಟ್ಟಿತ್ತು. ಕೂತು ಮಾಡೋ ಕೆಲಸ ನನಗೆ ಬೇಕೇ ಬೇಕಿತ್ತು. ಅದು ಸಿಕ್ಕಿದ್ದು ಆ ಮಹಡಿ ಮೇಲೆ ಮಾತ್ರ.

ಶ್ರೀನಿವಾಸಪುರದವಳಿಗೆ ಅಕ್ಷರ ಬರುತ್ತಿರಲಿಲ್ಲ. ಮಾವಿನ ಮಂಡಿಯಲ್ಲಿ ಕಾಯಿ ಆರಿಸಿ ಆರಿಸಿ ಕೈ ಮಿಷನ್ನಾಗಿತ್ತು. ನಾನು ಒಂದು ಕವರಿಗೆ ಅಂಟು ಹಚ್ಚೋದರಲ್ಲಿ ಅವಳು ಒಂದು ಸಾಲು ಮುಗಿಸಿ, "ಏನಕ್ಕಾ, ನಿದ್ದೆ ಹೊಡೀತಿದ್ದೀಯಾ?" ಅನ್ನೋಳು. ಅರ್ಧ ತೆಲುಗು, ಅರ್ಧ ಕನ್ನಡ, ಬಾಯಿಗೆ ಬೀಗ ಇಲ್ಲ.

ನಮಗೆ ತಲೆನೋವು ತಂದದ್ದು ಸೀಡಿಯಲ್ಲಿದ್ದ ಒಂದು ಭಾಗ. ಹುಡುಗಿ ಅದಕ್ಕೆ ಲೈಬ್ರರಿ ಅಂದಳು. ನಾನು ಪುಸ್ತಕದ ಬೀರು ಎಲ್ಲಿ ಅಂತ ಸುತ್ತ ನೋಡಿದೆ.

"ಪುಸ್ತಕ ಅಲ್ಲ ದೊಡ್ಡಮ್ಮ. ಸೈನ್ಸ್ ಓದೋ ಮಕ್ಕಳು ಸಾಲು ಸಾಲು ಅಂಕಿ ಇಟ್ಟು ಒಂದು ಚೌಕಾನ ಇನ್ನೊಂದು ಚೌಕದಿಂದ ಗುಣಿಸ್ತಾರೆ. ಸೇತುವೆ ಎಷ್ಟು ಭಾರ ತಡೆಯುತ್ತೆ, ನೀರು ಎಲ್ಲಿಗೆ ಹರಿಯುತ್ತೆ, ಎಲ್ಲಾದಕ್ಕೂ ಅದೇ ಗುಣಾಕಾರ. ಪ್ರತಿಯೊಬ್ಬರೂ ಹೊಸದಾಗಿ ಬರೆಯೋದು ಬೇಡ ಅಂತ ಯಾರೋ ಚೆನ್ನಾಗಿ ಬರೆದು ಇಟ್ಟಿದ್ದಾರೆ. ನಾನು ಅದನ್ನ ನಮ್ಮ ಸೀಡಿಗೆ ಹೊಂದೋ ಹಾಗೆ ಕಟ್ತಿದ್ದೀನಿ."

"ಕಟ್ಟು, ಅದಕ್ಯಾಕೆ ಮೂರು ಮಿಷನ್ನು?"

ಕೋಣೆಯಲ್ಲಿ ಮೂರು ಕಂಪ್ಯೂಟರಿದ್ದವು. ಒಂದು ಹಳೇದು, ಒಂದು ನಡುವಿನದು, ಒಂದು ಹೊಸದು. ಆ ಲೈಬ್ರರಿ ವಿಚಿತ್ರದ್ದು. ತನ್ನನ್ನು ಯಾವ ಮಿಷನ್ನಿನಲ್ಲಿ ಕಟ್ಟುತ್ತಿದ್ದಾರೋ ಅದರ ಶಕ್ತಿಯನ್ನು ತಾನೇ ಅಳೆದು ನೋಡುತ್ತೆ. ಅಂಕಿಯನ್ನು ಸಣ್ಣ ತುಂಡು ಮಾಡಿ ಗುಣಿಸಿ ನೋಡುತ್ತೆ, ದೊಡ್ಡ ತುಂಡು ಮಾಡಿ ನೋಡುತ್ತೆ, ಯಾವುದು ಬೇಗ ಆಯಿತೋ ಅದನ್ನು ಇಟ್ಟುಕೊಳ್ಳುತ್ತೆ. ಆ ಅಳತೆಗೇ ಸಂಜೆಯಾಗುತ್ತಿತ್ತು. ಹೊಸ ಮಿಷನ್ನಿಗೆ ಒಂದೇ ಏಟಿಗೆ ಎರಡು ಲೆಕ್ಕ ಮಾಡೋ ಶಕ್ತಿ ಇತ್ತಂತೆ. ನನಗೆ ಅದು ತಿಳಿದದ್ದು ಹಾಲು ಕರೆಯೋ ಹಾಗೆ. ಎರಡೂ ಕೈಯಲ್ಲಿ ಕರೀತಾ ಇರೋಳಿಗೆ ಕೆಲಸ ಬೇಗ ಮುಗಿಯುತ್ತೆ. ಒಂದೇ ಕೈ ಇರೋಳನ್ನು ಕೂರಿಸಿ ಎರಡರಲ್ಲೂ ಕರಿ ಅಂದರೆ? ಚೊಂಬು ಉರುಳುತ್ತೆ. ಹಳೇ ಮಿಷನ್ನಿನಲ್ಲೂ ಹಾಗೇ. ಹೊಸದರ ಲೈಬ್ರರಿ ಅಲ್ಲಿ ಹಾಕಿದರೆ ಅದು ನಿಧಾನ ಆಗೋದಲ್ಲ, ಬಿದ್ದೇ ಹೋಗುತ್ತೆ.

ಅದಕ್ಕೇ ಮೂರು ಸೀಡಿ, ಮೂರು ಕವರು. ಯಾವ ಮಿಷನ್ನಿಗಾದರೂ ಸರಿ ಅನ್ನೋದು ಬಿಳಿ. ನಡುವಿನದು ಹಳದಿ. ಹೊಸದು ಕೆಂಪು.

"ಬಿಳೀದು ಎಲ್ಲಾದರಲ್ಲೂ ಓಡತ್ತೆ ಅಂದ್ರೆ ಎಲ್ಲಾರ್ಗೂ ಬಿಳೀದೇ ಕೊಡು," ಅಂದೆ.

"ಹೊಸ ಮಿಷನ್ ಇಟ್ಕೊಂಡೋರು ಸುಮ್ನಿರ್ತಾರಾ? ಕಾಫಿ ಕುಡಿಯೋ ಹೊತ್ತಲ್ಲಿ ಆಗೋ ಲೆಕ್ಕಕ್ಕೆ ಊಟದವರೆಗೂ ಕಾಯಬೇಕು."

"ಮೂರನ್ನೂ ಒಂದರಲ್ಲೇ ಹಾಕು."

"ಮೂರರ ಹೆಸರೂ ಒಂದೇ ದೊಡ್ಡಮ್ಮ. ಒಂದು ಕೂತ ಜಾಗದಲ್ಲಿ ಇನ್ನೊಂದು ಹೋಗಿ ಕೂತರೆ ಮೊದಲಿಂದು ಅಳಿಸಿ ಹೋಗುತ್ತೆ."

ಸರಿ, ನನಗೇನು. ಮೂರು ಬಣ್ಣ ಇದ್ದರೆ ಕಾಲೇಜಿನ ಹೆಸರು ಓದಿ ಬಣ್ಣ ಹೊಂದಿಸೋಕೆ ಒಬ್ಬಳು ಬೇಕು. ಆ ಒಬ್ಬಳು ನಾನು. ಅಲ್ಲಿಗೆ ಬಿಟ್ಟೆ.

ಸಾರ್ ಮಾತ್ರ ದಿನಾ ಒಂದೇ ಪಾಠ. "ನೋಡ್ರಮ್ಮಾ, ಮೊದಲು ನಮ್ಮ ನಾಲ್ಕು ತಾಲೂಕಿನ ಕಾಲೇಜು. ಅಲ್ಲಿ ಸರಿಯಾಗಿ ನಡೆದರೆ ಬೇರೆ ಜಿಲ್ಲೆಯವರೂ ತಗೋತಾರೆ. ನಡೀಲಿಲ್ಲ ಅಂದ್ರೆ ಈ ಮಹಡಿ ಖಾಲಿ ಮಾಡಿ ಓನರಿಗೆ ಬೀಗದ ಕೈ ಕೊಡೋದೇ." ಹೇಳಿ ಹೋಗಿ ಕಾಫಿ ಕುಡಿಯೋರು.

ಬಿಳಿ ಮುಗಿಯಿತು, ಹಳದಿ ಎರಡು ಸಲ ಕರೆಂಟು ಹೋಗಿ ಮೂರನೇ ಸಲಕ್ಕೆ ಮುಗಿಯಿತು. ಕೆಂಪು ಮುಗಿಯಲಿಲ್ಲ. ಮುಗಿಯಿತು ಅಂದರೂ ಸರಿ ಬರಲಿಲ್ಲ. ಹುಡುಗಿ ಪರೀಕ್ಷೆ ಮಾಡಿ ನೋಡಿದರೆ ಕೆಂಪು ಬಿಳಿಗಿಂತ ನಿಧಾನ. ಕೂದಲು ಕಿತ್ತುಕೊಂಡಳು. ಮತ್ತೆ ಕಟ್ಟಿದಳು. ಮತ್ತೆ ನಿಧಾನ. ಒಳಗೆ ಬರೋಳು, ಹೊರಗೆ ಹೋಗೋಳು, ಮೆಟ್ಟಿಲ ಮೇಲೆ ಕೂರೋಳು, ಏಳೋಳು. ಅವಳನ್ನು ನೋಡಿ ನನಗೂ ಕೂತಲ್ಲಿ ಕೂರೋಕಾಗಲಿಲ್ಲ. ಮೊದಲೇ ಗುಡಿಸಿದ ನೆಲ ಮತ್ತೆ ಗುಡಿಸಿದೆ.

ಹಾಗೆ ಗುಡಿಸುತ್ತಾ ಊಟದ ಹೊತ್ತಿಗೆ ಆ ಕೋಣೆಗೆ ಹೋದರೆ, ಹೊಸ ಮಿಷನ್ನಿನ ಮುಂದೆ ಸಾರ್ ಕೂತು ಇಸ್ಪೀಟು ಆಡುತ್ತಿದ್ದಾರೆ. ಕಂಪ್ಯೂಟರಿನೊಳಗಿನ ಇಸ್ಪೀಟು. ಪರದೆ ಮೇಲೆ ಎಲೆ ಹರಡಿದೆ, ಸಾರ್ ನಾಲಿಗೆ ಕಚ್ಚಿಕೊಂಡು ರಾಣಿ ಎಲ್ಲಿಡೋದು ಅಂತ ಯೋಚನೆ ಮಾಡ್ತಿದ್ದಾರೆ. ನಾನು ಹುಡುಗಿಯನ್ನು ಕೂಗಿದೆ. ಅವಳು ಬಂದು ನೋಡಿ ಹಣೆ ಚಚ್ಚಿಕೊಂಡಳು.

"ಸಾರ್, ಅದು ತನ್ನ ಶಕ್ತಿ ಅಳೀತಿರೋ ಹೊತ್ತಲ್ಲಿ ನೀವು ಬೇರೆ ಕೆಲಸ ಕೊಟ್ಟರೆ ಅಳತೆ ಸುಳ್ಳು ಬರಲ್ವಾ?"

"ಇಷ್ಟಕ್ಕೆಲ್ಲ ಏನಾಗುತ್ತಮ್ಮಾ, ಬರೀ ಇಸ್ಪೀಟು."

"ದಿನಾ ಆಡ್ತಿದ್ರಾ ಸಾರ್?"

"ಊಟದ ಹೊತ್ತಲ್ಲಿ ಮಾತ್ರ."

ಅವತ್ತಿಂದ ನನ್ನನ್ನು ಆ ಕೋಣೆಗೆ ಕಾವಲಿಟ್ಟರು. ಬಾಗಿಲಿಗೆ ಅಡ್ಡ ಕುರ್ಚಿ ಹಾಕಿ ಕೂತೆ. ಸಾರ್ ಎರಡು ಸಲ ಬಂದು ಇಣುಕಿದರು. "ಕರೆಂಟು ಇದೆಯಾ ನೋಡೋಕೆ ಬಂದೆ," ಅಂದರು. "ಇದೆ, ಹೋಗಿ," ಅಂದೆ. ಕೆಂಪು ಈ ಸಲ ಸರಿಯಾಗಿ ಬಂತು. ಬಿಳಿ ಒಂದು ಲೆಕ್ಕ ಮುಗಿಸೋ ಹೊತ್ತಿಗೆ ಕೆಂಪು ಮೂರು ಮುಗಿಸಿ ನಿಂತಿತ್ತು. ಹುಡುಗಿ ನನ್ನ ಭುಜ ಹಿಡಿದು ಅಲ್ಲಾಡಿಸಿಬಿಟ್ಟಳು.

ಸೀಡಿ ಬರೆದಾಯಿತು. ಇನ್ನೊಂದು ಸಲ ಪರೀಕ್ಷೆಗೆ ಅಂತ ಅವಳು ಮತ್ತೆ ಮಿಷನ್ ಓಡಿಸಿದ್ದಳು, ಹಾಗಾಗಿ ಕಾವಲು ಮುಂದುವರಿಯಿತು. ನಾನು ಬೆಳಗ್ಗೆ ಬೇಗ ಬಂದು ಮೇಜಿನ ಮೇಲೆ ಕಾಲೇಜಿಗೊಂದು ಗುಡ್ಡೆ ಮಾಡಿ, ಹೆಸರು ಓದಿ, ಬಣ್ಣ ಹೊಂದಿಸಿ ಇಟ್ಟೆ. ಕೋಲಾರಕ್ಕೆ ಹಳದಿ. ಮುಳಬಾಗಿಲು, ಶ್ರೀನಿವಾಸಪುರದಲ್ಲಿ ಎಲ್ಲಾ ಹಳೇ ಮಿಷನ್ನು, ಬೇರೆ ಆಫೀಸಿನವರು ಬಳಸಿ ಬಿಟ್ಟದ್ದು. ಅವಕ್ಕೆ ಬಿಳಿ. ಮಾಲೂರಿನಲ್ಲಿ ಫ್ಯಾಕ್ಟರಿಯವರು ಹೊಸದು ಕೊಡಿಸಿದ್ದರು, ಅದಕ್ಕೆ ಕೆಂಪು. ಯಾವ ಗುಡ್ಡೆ ಯಾವ ಊರಿದು ಅಂತ ಶ್ರೀನಿವಾಸಪುರದವಳಿಗೆ ಬಾಯಲ್ಲಿ ಹೇಳಿ ಕಾವಲಿಗೆ ಹೋದೆ. ಕಟ್ಟೋದಷ್ಟೇ ಅವಳ ಕೆಲಸ. ಮಧ್ಯಾಹ್ನಕ್ಕೆ ಪಾರ್ಸೆಲ್ಲು ಬಸ್ಸಿನ ಕಂಡಕ್ಟರುಗಳ ಕೈ ಸೇರಿತ್ತು.

ಆಮೇಲೆ ಮುಳಬಾಗಿಲಿಂದ ಫೋನು. ಸೀಡಿ ಹಾಕಿದ್ವಿ, ಎಲ್ಲಾ ಚೆನ್ನಾಗಿದೆ, ಆದರೆ ಗುಣಿಸು ಅಂದ ತಕ್ಷಣ ಒಂದು ಸಾಲು ಇಂಗ್ಲಿಷಿನಲ್ಲಿ ಬೈದು ಮುಚ್ಚಿಕೊಳ್ಳುತ್ತೆ ಅಂತ. ಹುಡುಗಿ ತಕ್ಷಣ ಎದ್ದಳು. ಬಿಳಿ ಸೀಡಿ ತೆಗೆದು ನಮ್ಮ ಹಳೇ ಮಿಷನ್ನಿಗೆ ಹಾಕಿದಳು. ಓಡಿತು. ತೆಗೆದು ಇನ್ನೊಂದು ಹಾಕಿದಳು. ಅದೂ ಓಡಿತು.

"ಇಲ್ಲಿ ಓಡತ್ತೆ, ಅಲ್ಲಿ ಓಡಲ್ಲ. ಹೇಗೆ ದೊಡ್ಡಮ್ಮ?"

"ನನ್ನ ಕೇಳಿದ್ರೆ? ಹೋಗಿ ನೋಡೋಣ ನಡಿ."

ಮಾರನೇ ದಿನ ಮುಳಬಾಗಿಲು ಬಸ್ಸು ಹತ್ತಿದೆವು. ನನ್ನನ್ನು ಯಾಕೆ ಕರಕೊಂಡು ಹೋದಳು ಅಂದರೆ ಅವಳಿಗೆ ಒಬ್ಬಳೇ ಕೂರೋಕಾಗುತ್ತಿರಲಿಲ್ಲ. ದಾರಿ ಪೂರ್ತಿ ಬೆರಳು ಮುರಿದುಕೊಂಡೇ ಇದ್ದಳು. ಬಸ್ಸು ನಿಂತಲ್ಲೆಲ್ಲ, ಯಾಕೆ ನಿಲ್ಲಿಸಿದ್ರು ಅಂತ ಎದ್ದು ನೋಡೋಳು. ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಕುರುಡುಮಲೆ ದೇವಸ್ಥಾನಕ್ಕೆ ಹೋಗೋ ಜನರ ಗುಂಪನ್ನು ತಳ್ಳಿಕೊಂಡು ಕಾಲೇಜು ಸೇರಿದೆವು.

ಅಲ್ಲಿನ ಲೆಕ್ಚರರು ಹಾಸ್ಯದ ಮನುಷ್ಯ. "ಬನ್ನಿ ಬನ್ನಿ. ನಿಮ್ಮ ಸೀಡಿ ಕಾನೂನು ಮಾತಾಡ್ತಿದೆ ಕಣಮ್ಮಾ. ಅಕ್ರಮ ಆದೇಶ ಅಂತ ಇಂಗ್ಲಿಷಲ್ಲಿ ಬರೀತಿದೆ. ಪೊಲೀಸರನ್ನ ಕರೀಲಾ, ಲಾಯರನ್ನ ಕರೀಲಾ?"

ಹುಡುಗಿ ನಗಲಿಲ್ಲ. ಅವರ ಮೇಜಿನ ಮೇಲಿದ್ದ ಕವರು ನೋಡುತ್ತಿದ್ದಳು. ನಾನೂ ನೋಡಿದೆ. ಕೆಂಪು.

ಸದ್ಯ, ಕೈಚೀಲದಲ್ಲಿ ಬಿಳಿ ಇತ್ತು. ಹಾಕಿ ಕೊಟ್ಟೆವು. ಹಳೇ ಮಿಷನ್ನು ಏದುಸಿರು ಬಿಡುತ್ತಾ ಗುಣಾಕಾರ ಮುಗಿಸಿತು. ಲೆಕ್ಚರರು, "ಈಗ ಜಾಮೀನು ಸಿಕ್ತು," ಅಂದರು. ಆದರೂ ಬಾಗಿಲವರೆಗೂ ಬಂದು ಮೆಲ್ಲಗೆ ಇನ್ನೊಂದು ಮಾತು ಸೇರಿಸಿದರು. "ನಮ್ಮ ಪ್ರಿನ್ಸಿಪಾಲರಿಗೆ ತಾಳ್ಮೆ ಕಮ್ಮಿ. ಇನ್ನೊಂದು ಸಲ ಹೀಗಾದ್ರೆ ಹಳೇ ಕದ್ದ ಸೀಡೀನೇ ಸಾಕು ಅಂತಾರೆ. ನಾನು ಹೇಳಿದೆ ಅಂತ ಹೇಳ್ಬೇಡಿ."

ವಾಪಸು ಬಂದು ಮಹಡಿ ಹತ್ತಿ ಶ್ರೀನಿವಾಸಪುರದವಳನ್ನು ನಾನೇ ಕೇಳಿದೆ. ಸುತ್ತಿ ಬಳಸಿ ಕೇಳೋದು ನನಗೆ ಬರೋದಿಲ್ಲ.

"ಏನೇ, ನಾನು ಇಟ್ಟಿದ್ದ ಗುಡ್ಡೆ ಕದಲಿಸಿದ್ಯಾ?"

ಅವಳು ಕೈ ನಿಲ್ಲಿಸಲಿಲ್ಲ. ಅಂಟು ಹಚ್ಚುತ್ತಲೇ ಹೇಳಿದಳು, "ಹೂಂ. ಇಂಜಿನಿಯರ್ ಅಮ್ಮಾವ್ರ ಊರು ಮುಳಬಾಗಿಲು. ಅವರೂರಿಗೆ ಕಡೇ ಮಾಲು ಕಳಿಸ್ತಾರಾ ಯಾರಾದ್ರೂ? ಕೆಂಪು ಹಾಕಿದೆ. ಮಂಚಿ ಮಾಲು, ಒಳ್ಳೇದು ಅದು. ಬಲೇ ಬೇಗ ಓಡತ್ತೆ ಅಂತ ಅವರೇ ಕುಣೀತಿದ್ದರಲ್ಲ."

"ನಿಮ್ಮೂರಿಗೆ?"

"ನಮ್ಮೂರಿಗೂ ಕೆಂಪೇ. ಮತ್ತೆ?"

"ಮಾಲೂರಿಗೆ?"

"ಉಳಿದಿದ್ದು ಹಾಕಿದೆ. ಮಾಲೂರಿನೋರು ನಮಗೇನಾಗಬೇಕು?"

ನನಗೆ ನಗು ಬಂತು, ಕೋಪವೂ ಬಂತು. ಮಂಡಿಯಲ್ಲಿ ಅವಳ ಲೆಕ್ಕ ಹಾಗೇ. ಮೊದಲನೇ ದರ್ಜೆ ಕಾಯಿ ನಮ್ಮೋರ ಕ್ರೇಟಿಗೆ, ಎರಡನೇದು ಗುರುತಿನೋರಿಗೆ, ಉಳಿದದ್ದು ಊರಾಚೆಗೆ. ಕೆಂಪು ಬೇಗ, ಬಿಳಿ ನಿಧಾನ ಅಂತ ಕಿವಿಗೆ ಬಿದ್ದಿತ್ತು. ಕೆಂಪು ಅಂದರೆ ಬಾದಾಮಿ ಮಾವು, ಬಿಳಿ ಅಂದರೆ ಉಪ್ಪಿನಕಾಯಿಗೆ ಹಾಕೋ ಕಾಯಿ ಅಂದುಕೊಂಡಳು. ಒಳ್ಳೇದು ಕೊಟ್ಟರೆ ಕೆಡುತ್ತೆ ಅಂತ ಅವಳಿಗೆ ಯಾರು ಹೇಳಿದ್ದರು?

ಸಾರ್ ಒಳಗಿಂದ ಕೇಳಿಸಿಕೊಂಡು ಬಂದರು. "ನಾಳೆಯಿಂದ ಈಕೆ ಬೇಡ," ಅಂದರು. ಆಗ ಅವಳ ಕೈ ನಿಂತಿತು.

ಹುಡುಗಿ, "ಮೊದಲು ಸೀಡಿ ಬದಲಾಯಿಸೋಣ ಸಾರ್. ಆಮೇಲೆ ಮಾತಾಡೋಣ," ಅಂದಳು.

ಬೆಳಗ್ಗೆ ಶ್ರೀನಿವಾಸಪುರ. ಅಲ್ಲಿನವರು ಕವರನ್ನು ಇನ್ನೂ ಬಿಚ್ಚಿರಲಿಲ್ಲ, ನಮ್ಮ ಅದೃಷ್ಟ. ಅಲ್ಲಿಂದ ತಿರುಗಿ ಕೋಲಾರ, ಕೋಲಾರದಿಂದ ಮಾಲೂರು. ಕೂರೋಕೆ ಸೀಟಿಲ್ಲ, ಮೊಣಕಾಲು ಕಿತ್ತು ಬರುತ್ತಿದೆ. ಮಾಲೂರಿನಲ್ಲಿ ಬಿಳಿ ಓಡುತ್ತಿತ್ತು, ಬಿದ್ದಿರಲಿಲ್ಲ. ಆದರೆ ಅಲ್ಲಿನ ಮೇಡಮ್ಮು ಮುಖ ಗಂಟು ಹಾಕಿದ್ದರು. "ಇದಕ್ಕಿಂತ ನಮ್ಮ ಹುಡುಗರು ಕೈಯಲ್ಲಿ ಬೇಗ ಮಾಡ್ತಾರೆ." ಕೆಂಪು ಹಾಕಿ ಓಡಿಸಿದ ಮೇಲೆ ಗಂಟು ಬಿಚ್ಚಿತು.

ವಾಪಸು ಬಸ್ಸಿನಲ್ಲಿ ಸೀಟು ಸಿಕ್ಕಿತು. ಹುಡುಗಿ ತಾನೇ ಶುರು ಮಾಡಿದಳು.

"ತಪ್ಪು ಅವರದಲ್ಲ ದೊಡ್ಡಮ್ಮ. ನಾಲ್ಕು ಊರಿಗೇ ಹೀಗಾಯ್ತು. ನಲವತ್ತು ಊರಾದ್ರೆ? ಯಾವ ಕಾಲೇಜಲ್ಲಿ ಯಾವ ಮಿಷನ್ ಇದೆ ಅಂತ ಅವರಿಗೇ ಗೊತ್ತಿರಲ್ಲ. ಒಂದೇ ಕೋಣೆಯಲ್ಲಿ ಹಳೇದೂ ಹೊಸದೂ ಇರುತ್ತೆ. ಕವರು ತಪ್ಪಿದ್ರೆ ಮುಳುಗೋ ಸೀಡಿ ಮಾಡಿದ್ದು ನಾನು."

"ಬೇರೆ ದಾರಿ ಇಲ್ಲ ಅಂದ್ಯಲ್ಲ."

"ಇದೆ. ಮೂರನ್ನೂ ಒಂದೇ ಸೀಡೀಲಿ, ಬೇರೆ ಬೇರೆ ಕಪಾಟಲ್ಲಿ ಇಡಬೇಕು. ಹೆಸರು ಒಂದೇ ಇದ್ರೂ ಕಪಾಟು ಬೇರೆ, ಒಂದನ್ನೊಂದು ಅಳಿಸಲ್ಲ. ಕಂಪ್ಯೂಟರು ಎದ್ದಾಗ ತಾನು ಯಾವ ಜಾತಿ ಮಿಷನ್ನು ಅಂತ ತಾನೇ ನೋಡ್ಕೊಂಡು ಸರಿಯಾದ ಕಪಾಟು ತೆಗೆಯುತ್ತೆ. ಯಾವುದೂ ಹೊಂದಲಿಲ್ಲ ಅಂದ್ರೆ ಬಿಳಿ. ಬಿಳಿ ಯಾವಾಗಲೂ ಇದ್ದೇ ಇರುತ್ತೆ." ಅಷ್ಟು ಹೇಳಿ ನಿಲ್ಲಿಸಿದಳು. ಮತ್ತೆ ಬೆರಳು ಮುರಿಯೋಕೆ ಶುರು.

ಅವಳು ಯಾಕೆ ಮಾತು ನಿಲ್ಲಿಸಿದಳು ಅಂತ ನನಗೆ ಗೊತ್ತಾಯಿತು. ಮೂರು ಬಣ್ಣ ಇಲ್ಲ ಅಂದರೆ ಹೆಸರು ಓದಿ ಹೊಂದಿಸೋದು ಇಲ್ಲ. ಒಂದೇ ಥರದ ಸೀಡಿಯನ್ನು ಒಂದೇ ಥರದ ಕವರಿಗೆ ಹಾಕೋಕೆ ಮೇಜಿಗೆ ಇಬ್ಬರು ಯಾಕೆ?

"ಇಬ್ಬರು ಬೇಕಾಗಲ್ಲ ಆಮೇಲೆ," ಅಂದೆ.

"ಅದೇ ದೊಡ್ಡಮ್ಮ. ಅದಕ್ಕೇ..."

"ಅದಕ್ಕೇ ಏನು? ಮಾಡದೆ ಬಿಟ್ರೆ ಮುಳಬಾಗಿಲಿನೋರು ವಾಪಸ್ ಕಳಿಸ್ತಾರೆ, ಸಾರ್ ಬೀಗದ ಕೈ ಕೊಡ್ತಾರೆ. ಆಗ ಇಬ್ಬರೂ ಇಲ್ಲ, ನೀನೂ ಇಲ್ಲ. ಮಾಡು."

ಅಷ್ಟೇ ನಡೆದ ಮಾತು. ಅವಳು ಕಣ್ಣೊರೆಸಿಕೊಂಡಳು, ನಾನು ಕಿಟಕಿ ಹಾಕು ಧೂಳು ಬರ್ತಿದೆ ಅಂದೆ.

ಹೇಳಿದಷ್ಟು ಸುಲಭ ಆಗಲಿಲ್ಲ. ಸೀಡಿ ಮೊದಲೇ ತುಂಬಿತ್ತು, ಮೂರು ಲೈಬ್ರರಿಗೆ ಜಾಗ ಸಾಲದು. ಹುಡುಗಿ ಒಂದೊಂದೇ ತೆಗೆದು ಬಿಸಾಕಿದಳು. ಪರದೆಗೆ ಹಾಕೋ ಹೂವಿನ ಚಿತ್ರ, ಸಮುದ್ರದ ಚಿತ್ರ, ಮಾದರಿಗೆ ಅಂತ ಇದ್ದ ಹಾಡು, ನಮ್ಮ ಕಡೆ ಯಾರಿಗೂ ಬಾರದ ಭಾಷೆಗಳ ಸಹಾಯ ಪುಸ್ತಕ. ಸಾರ್ ಹಿಂದೆ ನಿಂತು ನೋಡುತ್ತಿದ್ದರು.

"ಇಸ್ಪೀಟು?" ಅಂದರು.

"ಅದು ಚಿಕ್ಕದು ಸಾರ್. ಇರಲಿ."

ಹೊಸ ಸೀಡಿ ಹಳೇ ಮಿಷನ್ನಿನಲ್ಲಿ ಓಡಿತು. ಹೊಸದರಲ್ಲೂ ಓಡಿತು, ಆದರೆ ಬಿಳಿಯ ವೇಗದಲ್ಲೇ. ಕೆಂಪು ಕಪಾಟು ಇದ್ದರೂ ಅದರ ಕಡೆ ತಿರುಗಿ ನೋಡಲಿಲ್ಲ. ಹುಡುಗಿ ಮತ್ತೆ ಮೆಟ್ಟಿಲು ಹತ್ತೋದು, ಇಳಿಯೋದು. ಯಾವ ಕಪಾಟಿನಲ್ಲಿ ಏನಿದೆ ಅಂತ ಕಂಪ್ಯೂಟರಿಗೆ ಮೊದಲು ಒಂದು ಸಲ ಸುತ್ತಿ ತೋರಿಸಬೇಕಿತ್ತಂತೆ. ಮನೆಗೆ ಬಂದ ಸೊಸೆಗೆ ತೋರಿಸೋ ಹಾಗೆ. ಅದನ್ನು ಮರೆತಿದ್ದಳು. ಸೀಡಿ ಹಾಕಿದಾಗ ಕೊನೆಯಲ್ಲಿ ಆ ಸುತ್ತು ತಾನಾಗೇ ಆಗೋ ಹಾಗೆ ಬರೆದಳು. ಒಂದೇ ತಟ್ಟೆ ತೆಗೆದುಕೊಂಡು ಹಳೇದಕ್ಕೆ ಹಾಕಿದಳು, ನಡುವಿನದಕ್ಕೆ, ಹೊಸದಕ್ಕೆ. ಮೂರೂ ಅದರದರ ವೇಗಕ್ಕೆ ಓಡಿದವು. ನಾನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನೋಡಿದೆ. ಬಲ್ಬು ಆರಲಿಲ್ಲ.

ನಾಲ್ಕೂ ಊರಿಗೆ ಅದೇ ಸೀಡಿ ಹೋಯಿತು. ಮುಳಬಾಗಿಲಿಂದ ಫೋನು ಬಂದಾಗ ಯಾರೂ ಎತ್ತೋಕೆ ಮುಂದೆ ಬರಲಿಲ್ಲ. ಕೊನೆಗೆ ಸಾರ್ ಎತ್ತಿದರು. ಕೇಳಿಸಿಕೊಂಡು, "ಕೇಸು ಖುಲಾಸೆ ಅಂತೆ," ಅಂದರು. ಸ್ವಲ್ಪ ದಿನಕ್ಕೆ ಪಕ್ಕದ ಜಿಲ್ಲೆಯವರೂ ಕೇಳಿಕೊಂಡು ಬಂದರು. ಮಹಡಿ ಉಳಿಯಿತು.

ಆಮೇಲೆ ಸಾರ್ ನನ್ನನ್ನು ಕರೆದರು. "ನೋಡಮ್ಮಾ, ಕೆಲಸ ಏನೋ ಜಾಸ್ತಿ ಆಗಿದೆ, ಆದ್ರೆ ಅದು, ಅಂದ್ರೆ ಈಗಿನ ಪರಿಸ್ಥಿತಿಯಲ್ಲಿ..."

"ಯಾರನ್ನ ಇಟ್ಕೋತೀರಿ, ಅಷ್ಟು ಹೇಳಿ ಸಾರ್."

"ಆಕೆ ಕೈ ಚುರುಕು."

ಹೌದು, ಚುರುಕು. ಬೇಡ ಅಂದಿದ್ದವಳನ್ನೇ ಇಟ್ಟುಕೊಂಡರು. ಇನ್ನು ಅವಳು ತಪ್ಪು ಮಾಡಬೇಕು ಅಂದರೂ ಆ ಮೇಜಿನ ಮೇಲೆ ತಪ್ಪೋಕೆ ಏನೂ ಇರಲಿಲ್ಲ. ಅಕ್ಷರ ಕಲಿತವಳು ನಾನು, ಓದೋಕೂ ಅಲ್ಲಿ ಏನೂ ಇರಲಿಲ್ಲ. ವಿಳಾಸವನ್ನು ಹುಡುಗಿ ಕಂಪ್ಯೂಟರಿನಲ್ಲೇ ಅಚ್ಚು ಹಾಕಿ ಕೊಡುತ್ತಿದ್ದಳು, ಯಾವ ಕವರಿಗೆ ಯಾವುದು ಅಂಟಿಸಿದರೂ ಸರಿ. ಗುಡಿಸೋಕೆ ವಾರಕ್ಕೊಂದು ಸಲ ಬಾ ಅಂದರು ಸಾರ್. ಒಲ್ಲೆ ಅಂದೆ. ಕ್ಯಾಲನೂರಿನ ಡೇರಿಯಲ್ಲಿ ಹಾಲು ಹಾಕೋರ ಹೆಸರು ಓದಿ ಕೂಗೋಕೆ ಒಬ್ಬರು ಬೇಕು ಅಂತ ಕೇಳಿದ್ದೆ. ಅಲ್ಲಿ ನಿಂತುಕೊಂಡೇ ಕೂಗಬೇಕು, ಮೊಣಕಾಲು ಏನಾದರೂ ಆಗಲಿ ಅಂತ ಒಪ್ಪಿಕೊಂಡಿದ್ದೆ.

ಕೊನೆಯ ದಿನ ಸಂಜೆವರೆಗೂ ಶ್ರೀನಿವಾಸಪುರದವಳ ಎದುರಿಗೇ ಕೂತು ಕಟ್ಟಿದೆ. ಎಲ್ಲಾ ಕವರೂ ಬಿಳಿ. ಹೊರಡೋ ಹೊತ್ತಿಗೆ ಅವಳು ಹಳೇ ಅಭ್ಯಾಸಕ್ಕೆ ಒಂದು ಕವರು ನನ್ನ ಕಡೆ ಚಾಚಿದಳು.

"ಅಕ್ಕಾ, ಇದು ಯಾವ ಊರಿಗೆ?"

ತಗೊಂಡು ನೋಡಿದೆ. ಒತ್ತಕ್ಷರ ಇತ್ತು, ನಿಂತು ಓದಿದೆ. ಬಂಗಾರಪೇಟೆ ಆಚೆಗಿನ ಯಾವುದೋ ಕಾಲೇಜು.

"ಯಾವ ಊರಾದ್ರೇನೇ," ಅಂದು ವಾಪಸು ಕೊಟ್ಟೆ. "ಹಾಕು."